ಚಟಗಾರನಿಗೆ ಠಾಣೆಯೋ, ದವಾಖಾನೆಯೋ?

(ಪಕ್ಷದ ಜಿಲ್ಲಾ ಅಭ್ಯಾಸ ಶಿಬಿರದಲ್ಲಿ ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಮುಂದೆ ಮಾಡಿದ ಭಾಷಣ)



ಬಟವಾಡೆಯ ಸಂಜೆ ಸಭೆ ಕರೆಯಬೇಡಿ, ಜನ ಸೇರುವುದಿಲ್ಲ ಎಂದು ನಮ್ಮ ಹಿರಿಯ ಕಾರ್ಯಕರ್ತರು ಹೇಳುತ್ತಿರುತ್ತಾರೆ. ಯಾಕೆ ಸೇರುವುದಿಲ್ಲ ಎಂಬುದು ಇಲ್ಲಿ ಕುಳಿತ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ನಾವು ಅದನ್ನು ಸಭೆಯ ವಿಷಯವನ್ನಾಗಿ ಮಾಡಿಲ್ಲ. ಕೂಲಿಯ ಮಾತು ಆಡುತ್ತೇವೆ, ಬೋನಸ್ಸಿನ ಮಾತು ಆಡುತ್ತೇವೆ, ಪಾಳಿಯ ಮಾತು, ತೆರಿಗೆಯ ಮಾತು ಆಡುತ್ತೇವೆ. ಚಟದ ಮಾತು ಬಂದರೆ ಅದು ಅವರವರ ಮನೆಯ ಹಣೆಬರಹ ಎಂದು ಸುಮ್ಮನಾಗುತ್ತೇವೆ. ಈ ಹೊತ್ತು ಆ ಮೌನವನ್ನು ಮುರಿಯಬೇಕೆಂದು ನಿಮ್ಮ ಮುಂದೆ ನಿಂತಿದ್ದೇನೆ.

ಚಟಗಾರನ ವಿಷಯದಲ್ಲಿ ಲೋಕದಲ್ಲಿ ಎರಡು ಮಾತು ಬಹಳ ಕಾಲದಿಂದ ನಡೆದು ಬಂದಿವೆ. ಅದು ಪಾಪ ಎನ್ನುವುದು ಒಂದು. ಅದು ಅಪರಾಧ ಎನ್ನುವುದು ಇನ್ನೊಂದು. ಪಾಪವೆಂದವರು ಉಪದೇಶ ಮಾಡಿದರು, ಅಪರಾಧವೆಂದವರು ಲಾಠಿ ಹಿಡಿದರು. ಅದು ರೋಗ, ರೋಗಿಗೆ ಬೇಕಾದ್ದು ಮದ್ದು ಮತ್ತು ಬದುಕುವ ದಾರಿ ಎಂಬ ಮೂರನೆಯ ಮಾತನ್ನು ವೈದ್ಯರು ಹೇಳುತ್ತಲೇ ಬಂದಿದ್ದಾರೆ. ಆ ಮೂರನೆಯ ಮಾತನ್ನು ನಂಬಿ, ಅದನ್ನು ಇಡೀ ದೇಶದ ಕಾಯಿದೆಯಾಗಿ ಮಾಡಿದ ಒಬ್ಬ ಸಮಾಜವಾದಿ ಪ್ರಧಾನಿಯ ಕೆಲಸವನ್ನು ನಿಮಗೆ ಹೇಳುತ್ತೇನೆ. ದೇಶ ಪೋರ್ಚುಗಲ್. ಪ್ರಧಾನಿ ಅಂತೋನಿಯೊ ಗುಟೆರೆಸ್.

ನಮಗೆ ಗೊತ್ತಿದ್ದ ಪೋರ್ಚುಗಲ್

ಪೋರ್ಚುಗಲ್ ಎಂದೊಡನೆ ನಮ್ಮ ಪಕ್ಷದವರಿಗೆ ನೆನಪಾಗುವುದು ಗೋವಾ. 1946ರ ಜೂನ್ 18ರಂದು ಮಡಗಾಂವಿನಲ್ಲಿ ರಾಮಮನೋಹರ ಲೋಹಿಯಾ ಅವರು ಪರಂಗಿ ಸರಕಾರದ ನಿಷೇಧವನ್ನು ಮುರಿದು ಮಾತಾಡಲು ನಿಂತರು. 1955ರ ಆಗಸ್ಟ್ 15ರಂದು ಗೋವೆಯ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಗೋವಾ ಬಿಡುಗಡೆ ಕಂಡದ್ದು 1961ರ ಡಿಸೆಂಬರಿನಲ್ಲಿ. ಆ ಗುಂಡು ಹಾರಿಸಿದ್ದು ಪೋರ್ಚುಗಲ್ಲಿನ ಜನರಲ್ಲ, ಸಾಲಾಜಾರ್ ಎಂಬ ಸರ್ವಾಧಿಕಾರಿಯ ಸರಕಾರ. ಆತ ತನ್ನ ಜನರನ್ನೂ ನೆಟ್ಟಗೆ ಬದುಕಗೊಡಲಿಲ್ಲ. ಆ ದೇಶದಲ್ಲಿ ಬೀಡಿ ಸಿಗರೇಟು ಹಚ್ಚುವ ಲೈಟರ್ ಇಟ್ಟುಕೊಳ್ಳಬೇಕಾದರೂ ಸರಕಾರದ ಪರವಾನಗಿ ಬೇಕಾಗಿತ್ತು. ಬೆಂಕಿಪೊಟ್ಟಣದ ಕಾರ್ಖಾನೆಗಳಿಗೆ ನಷ್ಟವಾಗಬಾರದೆಂದು ಆ ಏರ್ಪಾಡು!

1974ರ ಏಪ್ರಿಲ್ 25ರಂದು ಆ ಆಳ್ವಿಕೆ ಬಿದ್ದಿತು. ಅಂಗೋಲ, ಮೊಜಾಂಬಿಕ್, ಗಿನಿ ನಾಡುಗಳ ಸ್ವಾತಂತ್ರ್ಯವನ್ನು ಹತ್ತಿಕ್ಕಲು ಹದಿಮೂರು ವರ್ಷ ಕಾದಾಡಿ ದಣಿದ ಸಿಪಾಯಿಗಳೇ ತಮ್ಮ ಸರಕಾರದ ವಿರುದ್ಧ ತಿರುಗಿ ನಿಂತರು. ಆಫ್ರಿಕದಿಂದ ಸಿಪಾಯಿಗಳೂ ಲಕ್ಷಗಟ್ಟಲೆ ವಲಸಿಗರೂ ಊರಿಗೆ ಮರಳಿದರು. ಅರ್ಧ ಶತಮಾನ ಬಾಗಿಲು ಮುಚ್ಚಿಕೊಂಡಿದ್ದ ದೇಶಕ್ಕೆ ಒಮ್ಮೆಲೇ ಎಲ್ಲವೂ ನುಗ್ಗಿ ಬಂತು. ಸ್ವಾತಂತ್ರ್ಯ ಬಂತು, ಅದರ ಜೊತೆಗೆ ಹೆರಾಯಿನ್ ಎಂಬ ಅಫೀಮಿನ ಪುಡಿಯೂ ಬಂತು. ಅದು ಏನೆಂದು ಹೇಳಿಕೊಡುವ ಶಾಲೆಯಿರಲಿಲ್ಲ, ಬಿಡಿಸುವ ಆಸ್ಪತ್ರೆಯಿರಲಿಲ್ಲ.

1990ರ ದಶಕದ ಹೊತ್ತಿಗೆ ಒಂದು ಕೋಟಿ ಜನರ ಆ ನಾಡಿನಲ್ಲಿ ಹೆರಾಯಿನ್ ಮುಂತಾದ ಗಡುಸು ಪದಾರ್ಥಗಳ ಹಿಡಿತಕ್ಕೆ ಸಿಕ್ಕವರು ಸುಮಾರು ಒಂದು ಲಕ್ಷ ಎಂದು ಅಂದಾಜಾಗಿತ್ತು. ನೂರಕ್ಕೆ ಒಬ್ಬ! ರಾಜಧಾನಿ ಲಿಸ್ಬನ್ನಿನ ಕಸಾಲ್ ವೆಂತೋಸು ಎಂಬ ಬಡವರ ಕೇರಿ ಇಡೀ ಯುರೋಪಿಗೆ ಕುಪ್ರಸಿದ್ಧವಾದ ಹೆರಾಯಿನ್ ಸಂತೆಯಾಗಿತ್ತು. ಒಬ್ಬರು ಚುಚ್ಚಿಕೊಂಡ ಸೂಜಿಯನ್ನೇ ಇನ್ನೊಬ್ಬರು ಬಳಸಿದ್ದರಿಂದ ಏಡ್ಸ್ ಹಬ್ಬಿತು. ಮಂತ್ರಿಯ ಮನೆಯಿರಲಿ, ಕೂಲಿಯ ಮನೆಯಿರಲಿ, ಈ ಸಂಕಟ ಮುಟ್ಟದ ಬಂಧುಬಳಗವಿಲ್ಲ ಎನ್ನುವಂತಾಯಿತು. ಬಡವರ ಮನೆಗಷ್ಟೇ ಬಂದ ರೋಗ ಸರಕಾರದ ಕಣ್ಣಿಗೆ ಬೀಳುವುದು ತಡ. ಎಲ್ಲರ ಮನೆಗೂ ಬಂದಾಗ ಬೇಗ ಬೀಳುತ್ತದೆ. ಇದನ್ನು ಮರೆಯಬೇಡಿ.

ಗುಟೆರೆಸ್ ಮಾಡಿದ್ದೇನು?

ಗುಟೆರೆಸ್ 1949ರಲ್ಲಿ ಹುಟ್ಟಿದವರು. ಓದಿದ್ದು ವಿದ್ಯುತ್ ಎಂಜಿನಿಯರಿಂಗ್. ದೇವರನ್ನು ನಂಬುವ ಕ್ಯಾಥೊಲಿಕರು. ವಿದ್ಯಾರ್ಥಿಯಾಗಿದ್ದಾಗ ಲಿಸ್ಬನ್ನಿನ ಬಡಕೇರಿಗಳಲ್ಲಿ ಸೇವಾಕಾರ್ಯ ಮಾಡಿದವರು. 1974ರಲ್ಲಿ ಸಮಾಜವಾದಿ ಪಕ್ಷ ಸೇರಿ, 1995ರ ಅಕ್ಟೋಬರಿನಲ್ಲಿ ಪ್ರಧಾನಿಯಾದರು. 230 ಸ್ಥಾನಗಳ ಸಂಸತ್ತಿನಲ್ಲಿ ಅವರ ಪಕ್ಷಕ್ಕೆ ಆಗ ಇದ್ದದ್ದು 112. 1999ರಲ್ಲಿ 115, ಅಂದರೆ ಸರಿಯಾಗಿ ಅರ್ಧ. ಹೀಗೆ ಎರಡೂ ಸಲ ಬಹುಮತವಿಲ್ಲದೆ ಆಳಿದ ಸರಕಾರ ಈ ಕಷ್ಟದ ವಿಷಯಕ್ಕೆ ಕೈ ಹಾಕಿತು. ಬಹುಮತವಿಲ್ಲ, ಆದ್ದರಿಂದ ಏನೂ ಮಾಡಲಾರೆವು ಎಂದು ನೆಪ ಹೇಳುವ ನಮ್ಮ ಮಂತ್ರಿಗಳು ಇದನ್ನು ಕೇಳಬೇಕು.

1998ರಲ್ಲಿ ಅವರ ಸರಕಾರ ಒಂದು ಸಮಿತಿ ನೇಮಿಸಿತು. ವಿಜ್ಞಾನಿ ಅಲೆಕ್ಸಾಂದ್ರೆ ಕಿಂತನಿಲ್ಯ ಅಧ್ಯಕ್ಷರು. ಜುವಾವ್ ಗುಲಾವ್ ಎಂಬ ವೈದ್ಯರು ಸದಸ್ಯರಲ್ಲಿ ಒಬ್ಬರು. ದಕ್ಷಿಣದ ಕಡಲತೀರದ ಸೀಮೆಯಲ್ಲಿ ಕುಟುಂಬವೈದ್ಯರಾಗಿದ್ದು, ತಮ್ಮ ಬಳಿ ಬಂದ ಹೆರಾಯಿನ್ ರೋಗಿಗಳನ್ನು ನೋಡುತ್ತ ನೋಡುತ್ತ ಈ ಕೆಲಸ ಕಲಿತವರು ಅವರು. ಸಮಿತಿಯ ಮಾತು ಸರಳವಾಗಿತ್ತು: ಚಟಗಾರನನ್ನು ಸೆರೆಮನೆಗೆ ಕಳಿಸುವುದು ನಿಲ್ಲಲಿ. ಆ ಹಣ, ಆ ಶ್ರಮ ಚಿಕಿತ್ಸೆಗೆ ಹೋಗಲಿ. ಸರಕಾರ 1999ರಲ್ಲಿ ಇದನ್ನು ರಾಷ್ಟ್ರದ ನೀತಿಯೆಂದು ಒಪ್ಪಿತು. 2000ದ ನವೆಂಬರಿನಲ್ಲಿ 30ನೆಯ ನಂಬರಿನ ಕಾಯಿದೆ ಹೊರಟು, 2001ರ ಜುಲೈ 1ರಿಂದ ಜಾರಿಗೆ ಬಂತು.

ಕಾಯಿದೆ ನಡೆದ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹತ್ತು ದಿನದ ಸ್ವಂತ ಬಳಕೆಗಿಂತ ಹೆಚ್ಚಿಲ್ಲದ ಪದಾರ್ಥ ಒಬ್ಬನಲ್ಲಿ ಸಿಕ್ಕಿತು ಅನ್ನಿ. ಹೆರಾಯಿನ್ನಿಗೆ ಈ ಲೆಕ್ಕ ಒಂದು ಗ್ರಾಂ. ಪೊಲೀಸರು ಪದಾರ್ಥವನ್ನು ಕಸಿದುಕೊಳ್ಳುತ್ತಾರೆ. ಆದರೆ ಆತ ಹೋಗಬೇಕಾದ್ದು ಕ್ರಿಮಿನಲ್ ಕೋರ್ಟಿಗಲ್ಲ, ಜಿಲ್ಲೆಗೊಂದರಂತೆ ಏರ್ಪಡಿಸಿದ ಒಂದು ಮಂಡಳಿಗೆ. ಅಲ್ಲಿ ಕೂರುವವರು ಮೂವರು. ಒಬ್ಬರು ಕಾನೂನು ಬಲ್ಲವರು. ಉಳಿದವರು ವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜಸೇವಕರು ಇಂಥವರಲ್ಲಿ ಇಬ್ಬರು. ಇವನು ಚಟಕ್ಕೆ ಬಿದ್ದವನೋ, ಕುತೂಹಲಕ್ಕೆ ರುಚಿ ನೋಡಿದವನೋ? ಮನೆಯ ಸ್ಥಿತಿ ಹೇಗಿದೆ? ಕೆಲಸವಿದೆಯೆ? ಇದನ್ನೆಲ್ಲ ಕೇಳುತ್ತಾರೆ. ಚಟಗಾರನೆಂದು ಕಂಡುಬಂದು ಚಿಕಿತ್ಸೆಗೆ ಒಪ್ಪಿದರೆ ಪ್ರಕರಣವನ್ನು ಅಲ್ಲಿಗೇ ತಡೆಹಿಡಿಯುತ್ತಾರೆ. ಚಟಗಾರನಿಗೆ ಹಣದ ದಂಡವನ್ನು ಮಾತ್ರ ವಿಧಿಸುವಂತಿಲ್ಲ ಎಂದು ಕಾಯಿದೆಯಲ್ಲೇ ಬರೆದರು. ಅದು ತಿಳಿವಳಿಕೆಯ ಮಾತು. ಚಟಗಾರನ ದಂಡವನ್ನು ತೆರುವವರು ಯಾರು? ಅವನ ಹೆಂಡತಿಯ ಕಿವಿಯೋಲೆ ತಾನೆ?

ಒಂದು ಮಾತು ತಪ್ಪು ತಿಳಿಯಬಾರದು. ಮಾರುವವನಿಗೆ ಈ ಕಾಯಿದೆ ಯಾವ ರಿಯಾಯಿತಿಯನ್ನೂ ಕೊಡಲಿಲ್ಲ. ಕಳ್ಳಸಾಗಣೆಗಾರನಿಗೆ ಸೆರೆಮನೆ ಹಾಗೆಯೇ ಉಳಿಯಿತು. ಪದಾರ್ಥಕ್ಕೆ ಪರವಾನಗಿ ಅಂಗಡಿಯನ್ನೂ ತೆರೆಯಲಿಲ್ಲ. ರೋಗಿಯನ್ನೂ ರೋಗ ಮಾರುವವನನ್ನೂ ಬೇರೆ ಮಾಡಿದರು, ಅಷ್ಟೆ.

ವಿರೋಧ ಬಹಳ ಬಂತು. ದೇಶ ಕೆಟ್ಟೀತು, ಅನ್ಯದೇಶಗಳ ಚಟಗಾರರೆಲ್ಲ ವಿಮಾನ ಹತ್ತಿ ಇಲ್ಲಿಗೇ ಬಂದಾರು ಎಂದು ಬಲಪಂಥದವರು ಕೂಗಿದರು. 2001ರ ಡಿಸೆಂಬರಿನಲ್ಲಿ ಊರಾಡಳಿತದ ಚುನಾವಣೆಗಳಲ್ಲಿ ಪಕ್ಷ ಸೋತು ಗುಟೆರೆಸ್ ರಾಜೀನಾಮೆ ಕೊಟ್ಟರು. ಮರುವರ್ಷ ಬಂದ ಬಲಪಂಥದ ಸರಕಾರ ಈ ಕಾಯಿದೆಯನ್ನು ತೆಗೆದುಹಾಕಬಹುದಾಗಿತ್ತು. ತೆಗೆಯಲಿಲ್ಲ. ಯಾಕೆಂದರೆ ಹೇಳಿದ ಕೇಡು ಬರಲಿಲ್ಲ.

ಬಂದದ್ದೇನು? 1998ರಲ್ಲಿ ಚಿಕಿತ್ಸೆಯಲ್ಲಿದ್ದವರು 23,654. ಹತ್ತು ವರ್ಷದ ಮೇಲೆ, 2008ರಲ್ಲಿ, 38,532. ಮಾದಕ ಪದಾರ್ಥ ಬಳಸುವವರಲ್ಲಿ ಹೊಸದಾಗಿ ಎಚ್‌ಐವಿ ಕಂಡುಬಂದವರು 2000ದಲ್ಲಿ 907, 2008ರಲ್ಲಿ 267. ಸೆರೆಮನೆಗಳಲ್ಲಿದ್ದವರ ಪೈಕಿ ಮಾದಕ ಪದಾರ್ಥದ ಅಪರಾಧಕ್ಕೆ ಸಿಕ್ಕವರು 1999ರಲ್ಲಿ ನೂರಕ್ಕೆ 44, 2008ರಲ್ಲಿ 21.

ಕಾಯಿದೆ ಅರ್ಧ, ಕಾಸು ಅರ್ಧ

ಈ ಅಂಕಿಗಳನ್ನು ನೋಡಿ ಕೆಲವರು, ಕಾಯಿದೆ ಬದಲಿಸಿದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ಬರೆಯುತ್ತಾರೆ. ಅದು ಅರ್ಧ ಸತ್ಯ. ಸೆರೆಮನೆಯ ಬಾಗಿಲು ಮುಚ್ಚುವುದು ಅಗ್ಗದ ಕೆಲಸ. ಆಸ್ಪತ್ರೆಯ ಬಾಗಿಲು ತೆರೆಯುವುದಕ್ಕೆ ಹಣ ಬೇಕು. ಗುಟೆರೆಸ್ ಸರಕಾರದ ದೊಡ್ಡಸ್ತಿಕೆ ಎರಡನೆಯದರಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಊರೂರಿಗೆ ಚಿಕಿತ್ಸಾ ಕೇಂದ್ರಗಳಾದವು. ಹೆರಾಯಿನ್ನಿನ ಬದಲಿಗೆ ಕೊಡುವ ಮೆಥಡೋನ್ ಎಂಬ ಮದ್ದನ್ನು ಗಾಡಿಯಲ್ಲಿಟ್ಟು ಕೇರಿಯ ಬಾಯಿಗೆ ಒಯ್ದರು. ಹಳೆಯ ಸೂಜಿ ಕೊಟ್ಟು ಹೊಸ ಸೂಜಿ ಪಡೆಯುವ ಏರ್ಪಾಡು 1993ರಿಂದಲೇ ನಡೆದಿತ್ತು. ಅದನ್ನು ನಡೆಸಿಕೊಟ್ಟವರು ಯಾರು ಗೊತ್ತೆ? ಔಷಧದ ಅಂಗಡಿಯವರು. ನಿಮ್ಮಂಥ ವ್ಯಾಪಾರಿಗಳೇ ತಮ್ಮ ಕಟ್ಟೆಯ ಮೇಲಿಂದ ಊರಿನ ರೋಗ ತಡೆದರು.

ಇನ್ನೊಂದು ಏರ್ಪಾಡು ನಮಗೆ ಎಲ್ಲಕ್ಕಿಂತ ಮುಖ್ಯ. 1998ರಲ್ಲಿ ‘ಬದುಕು-ಉದ್ಯೋಗ’ ಎಂಬ ಅರ್ಥದ ಹೆಸರಿನ ಯೋಜನೆಯೊಂದನ್ನು ಅವರು ತೆರೆದರು. ಚಟದಿಂದ ಎದ್ದು ಬಂದವನನ್ನು ಕೆಲಸಕ್ಕೆ ಇಟ್ಟುಕೊಂಡ ಯಜಮಾನನಿಗೆ ಅವನ ಕೂಲಿಯ ಒಂದು ಭಾಗವನ್ನು ಸರಕಾರವೇ ತುಂಬಿಕೊಡುವುದು. ಗ್ಯಾರೇಜಿನವನಿಗೆ, ಬಡಗಿಗೆ, ಹೋಟೆಲಿನವನಿಗೆ ಕಡಿಮೆ ಖರ್ಚಿನಲ್ಲಿ ಕೈಯಾಳು ಸಿಕ್ಕಿದ. ಎದ್ದು ಬಂದವನಿಗೆ ಬೆಳಿಗ್ಗೆ ಹೋಗಲು ಒಂದು ಜಾಗ ಸಿಕ್ಕಿತು. ಬಿಟ್ಟ ಚಟ ಮತ್ತೆ ಹಿಡಿಯುವುದು ಕೈ ಖಾಲಿಯಿದ್ದಾಗ, ಊರು ನಗುವಾಗ. ಮೇಷ್ಟರ ಕೆಲಸದಲ್ಲಿದ್ದಾಗ ನಾನೂ ಇದನ್ನು ಕಂಡಿದ್ದೇನೆ. ಹಿಂದಿನ ಬೆಂಚಿಗೆ ತಳ್ಳಿದ ಹುಡುಗ ಹಿಂದೆಯೇ ಉಳಿಯುತ್ತಾನೆ.

ಈ ಕಥೆಗೆ ಕಹಿಯಾದ ಉತ್ತರಾರ್ಧವೂ ಇದೆ. ಅದನ್ನು ಮುಚ್ಚಿಟ್ಟರೆ ನಾನು ಪ್ರಚಾರ ಮಾಡಿದಂತಾದೀತು. 2011ರಲ್ಲಿ ಪೋರ್ಚುಗಲ್ ಸಾಲದ ಸುಳಿಗೆ ಸಿಕ್ಕಿತು. ಸಾಲ ಕೊಟ್ಟವರು ಖರ್ಚು ಕಡಿಮೆ ಮಾಡಿ ಎಂದು ಕಟ್ಟು ಹಾಕಿದರು. 2012ರಲ್ಲಿ ಚಿಕಿತ್ಸೆಯ ಹೊಣೆ ಹೊತ್ತಿದ್ದ ಒಂದೇ ಸಂಸ್ಥೆಯನ್ನು ಒಡೆದು ಹಂಚಿದರು. ಹಣ ಕುಗ್ಗಿತು, ಅನುಭವವಿದ್ದವರು ಚದುರಿದರು. ಕಾಯಿದೆಯ ತಿರುಳು ಬದಲಾಗಿರಲಿಲ್ಲ. ಆದರೂ 2023ರ ಹೊತ್ತಿಗೆ ಪೋರ್ತು ನಗರದ ಬೀದಿಗಳಲ್ಲಿ ಬಹಿರಂಗವಾಗಿ ಚುಚ್ಚಿಕೊಳ್ಳುವವರನ್ನು ಕುರಿತು ನಾಗರಿಕರ ದೂರು ಎದ್ದಿತು. ಕೊನೆಗೆ 2024ರ ಆರಂಭದಲ್ಲಿ ಒಡೆದದ್ದನ್ನು ಮತ್ತೆ ಒಂದೇ ಸಂಸ್ಥೆಯಾಗಿ ಕೂಡಿಸಬೇಕಾಯಿತು. ಒಳ್ಳೆಯ ಕಾಯಿದೆ ಹಣವಿಲ್ಲದೆ ನಿಲ್ಲುವುದಿಲ್ಲ. ಬಾವಿ ತೋಡಿ ಹಗ್ಗ ಕೊಡದಿದ್ದರೆ ನೀರು ಬಂದೀತೆ?

ಗುಟೆರೆಸ್ 2017ರಲ್ಲಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾದ ಮೇಲೂ ಇದೇ ಸಲಹೆಯನ್ನು ಲೋಕದ ಮುಂದೆ ಇಟ್ಟರು. ತಡೆ ಮತ್ತು ಚಿಕಿತ್ಸೆಯ ದಾರಿ ಫಲ ಕೊಡುತ್ತದೆಂಬುದು ಪ್ರಧಾನಿಯಾಗಿದ್ದಾಗಿನ ತಮ್ಮ ಸ್ವಂತ ಅನುಭವ ಎಂದು ಆ ವರ್ಷದ ಜೂನ್ ಸಂದೇಶದಲ್ಲೇ ಹೇಳಿದರು. ಅಧಿಕಾರದಲ್ಲಿದ್ದಾಗ ಮಾಡಿದ್ದನ್ನೇ ಆಮೇಲೂ ಹೇಳಿದವರು ರಾಜಕಾರಣಿಗಳಲ್ಲಿ ಹೆಚ್ಚಿಲ್ಲ.

ನಮ್ಮ ಮನೆಯ ಲೆಕ್ಕ

ನಮ್ಮಲ್ಲಿ ಹೆರಾಯಿನ್ ಎಲ್ಲಿದೆ, ಇದು ದೂರದ ಮಾತು ಎಂದು ಕೆಲವರು ಹೇಳಬಹುದು. ಪದಾರ್ಥ ಬೇರೆ ಇರಬಹುದು, ಗೋಳು ಒಂದೇ. ಪೋರ್ಚುಗಲ್ಲಿನಲ್ಲೂ ಮುಂದೆ ಮದ್ಯದ ಚಟದ ಚಿಕಿತ್ಸೆಯನ್ನು ಅದೇ ಸಂಸ್ಥೆಗೆ ಒಪ್ಪಿಸಿದರು. ನಮ್ಮ ದೇಶದ ಲೆಕ್ಕವನ್ನು ದೆಹಲಿಯ ಏಮ್ಸ್ ವೈದ್ಯರು 2019ರಲ್ಲಿ ಸರಕಾರಕ್ಕೆ ಕೊಟ್ಟಿದ್ದಾರೆ. ಮದ್ಯ ಕುಡಿಯುವವರು ಸುಮಾರು 16 ಕೋಟಿ. ಅದಿಲ್ಲದೆ ದಿನ ನಡೆಯದ ಸ್ಥಿತಿಗೆ ಬಂದವರು ಸುಮಾರು 2 ಕೋಟಿ 90 ಲಕ್ಷ. ಹೀಗೆ ಚಟಕ್ಕೆ ಬಿದ್ದವರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು 38 ಮಂದಿಯಲ್ಲಿ ಒಬ್ಬನಿಗೆ. ಮೂವತ್ತೆಂಟರಲ್ಲಿ ಒಬ್ಬ! ಕ್ಷಯಕ್ಕೆ ಹೀಗೆ ಮಾಡಿದ್ದರೆ ನಾವು ಸುಮ್ಮನಿರುತ್ತಿದ್ದೆವೆ?

ಇನ್ನೊಂದು ಲೆಕ್ಕ ನೋಡಿ. ಕರ್ನಾಟಕ ಸರಕಾರ 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಎತ್ತಬೇಕೆಂದು ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಕುಡಿಸುವುದಕ್ಕೆ ಗುರಿಯಿದೆ. ಬಿಡಿಸುವುದಕ್ಕೆ ಗುರಿ ಎಲ್ಲಿದೆ? ಈ ಹಣ ಬರುವುದು ಮಹಡಿ ಮನೆಗಳಿಂದ ಮಾತ್ರವಲ್ಲ. ಬಟವಾಡೆಯ ಲಕೋಟೆಯಿಂದಲೂ ಬರುತ್ತದೆ. ವ್ಯಾಪಾರಿ ಬಂಧುಗಳೆ, ನಿಮ್ಮ ಉದ್ದರಿ ಪುಸ್ತಕದಲ್ಲಿ ವಸೂಲಾಗದೆ ಉಳಿದ ಬಾಕಿಯಲ್ಲಿ ಎಷ್ಟು ಪಾಲು ಆ ದಾರಿ ಹಿಡಿದು ಹೋಯಿತೆಂದು ಒಮ್ಮೆ ಕೂಡಿ ನೋಡಿ. ಅಕ್ಕಿಯ ಸಾಲ ನಿಲ್ಲುತ್ತದೆ. ಬ್ರಾಂದಿಯ ಅಂಗಡಿಯಲ್ಲಿ ಉದ್ದರಿ ಇಲ್ಲ.

ನಿಷೇಧವೇ ಮದ್ದು ಎನ್ನುವವರಿದ್ದಾರೆ. ಗಾಂಧೀಜಿಯವರ ಆಸೆ ಅದಾಗಿತ್ತು, ಸಂವಿಧಾನದ 47ನೆಯ ಅನುಚ್ಛೇದವೂ ಅದನ್ನೇ ಹೇಳುತ್ತದೆ. ಕುಡಿತದಿಂದ ನೊಂದ ಹೆಂಗಸರು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಹೋಗಿ ಅದನ್ನೇ ಕೇಳಿದರು. ಅವರ ಕಣ್ಣೀರಿನ ಮುಂದೆ ನಾನು ವಾದ ಹೂಡುವುದಿಲ್ಲ. ಆದರೆ 2007ರ ಜುಲೈಯಿಂದ ಸಾರಾಯಿ ನಿಂತದ್ದನ್ನು ನೆನೆಯಿರಿ. ಸಾರಾಯಿ ಅಂಗಡಿ ಮುಚ್ಚಿತು, ಪಕ್ಕದ ಬ್ರಾಂದಿ ಅಂಗಡಿ ತೆರೆದೇ ಇತ್ತು. ಅಂಗಡಿ ಮುಚ್ಚುವ ಹೋರಾಟ ನಡೆಯಲಿ. ಅದರ ಜೊತೆಗೆ ದವಾಖಾನೆ ತೆರೆಯುವ ಹೋರಾಟವೂ ನಡೆಯಬೇಕು. ವರ್ಷಗಟ್ಟಲೆ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಕ, ಫಿಟ್ಸು, ಬುದ್ಧಿಭ್ರಮೆ ಬರಬಹುದು, ಪ್ರಾಣವೂ ಹೋಗಬಹುದು. ಕೋಣೆಯಲ್ಲಿ ಕೂಡಿಹಾಕಿ ಬಿಡಿಸುತ್ತೇವೆ ಎನ್ನುವ ಮನೆಯವರು ಇದನ್ನು ತಿಳಿದಿರಬೇಕು. ಆ ಮೊದಲ ದಿನಗಳಲ್ಲಿ ವೈದ್ಯರು ಬೇಕೇ ಬೇಕು.

ಗಾಂಜಾ, ಅಫೀಮುಗಳ ವಿಷಯಕ್ಕೆ 1985ರ ಕಾಯಿದೆ ಇದೆ. ಅದರ 27ನೆಯ ಕಲಮು ಸೇವಿಸಿದವನಿಗೇ ಸೆರೆ ಎನ್ನುತ್ತದೆ. ಅದೇ ಕಾಯಿದೆಯ 39ನೆಯ ಕಲಮು ಚಟಗಾರನನ್ನು ಚಿಕಿತ್ಸೆಗೆ ಕಳಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. ತಾನಾಗಿ ಚಿಕಿತ್ಸೆಗೆ ಬಂದವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64-ಎ ಕಲಮೂ ಇದೆ. ಅಂದರೆ ದವಾಖಾನೆಯ ದಾರಿ ನಮ್ಮ ಕಾಯಿದೆಯಲ್ಲೂ ಉಂಟು. ದವಾಖಾನೆಯೇ ಹತ್ತಿರದಲ್ಲಿಲ್ಲದಿದ್ದರೆ ಬಡವನಿಗೆ ಆ ದಾರಿ ಇದ್ದೂ ಇಲ್ಲ.

ನಾವು ಕೇಳಬೇಕಾದ್ದು

ಆದುದರಿಂದ ನಮ್ಮ ಬೇಡಿಕೆಗಳು ಇವು. ಒಂದು, ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಚಟದ ರೋಗಿಗಳಿಗೆ ಹಾಸಿಗೆ, ವೈದ್ಯರು, ಉಚಿತ ಔಷಧ. ಇದು ಆಗದ ಮಾತಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ರೋಗಗಳಿಗೆ ಚಿಕಿತ್ಸೆ ಕೊಡಬಹುದೆಂದು ಮಾಡಿ ತೋರಿಸಿದರು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಯೋಜನೆ ಹೊರಟಿತು. ಎರಡು, ಅಬಕಾರಿಯ ಪ್ರತಿ ರೂಪಾಯಿಯಲ್ಲಿ ಒಂದು ಗೊತ್ತಾದ ಪಾಲು ಚಿಕಿತ್ಸೆಗೆ ಎಂದು ಬಜೆಟ್ಟಿನಲ್ಲೇ ಕಟ್ಟಿಡಬೇಕು. ಮೂರು, ಚಿಕಿತ್ಸೆಗೆ ಹೋದ ಕಾರ್ಮಿಕನ ಹೆಸರು ಮಸ್ಟರ್ ಪುಸ್ತಕದಿಂದ ಹೋಗಬಾರದು. ರಜೆ ಸಿಗಬೇಕು, ತಿರುಗಿ ಬಂದಾಗ ಅದೇ ಖಾತೆಯಲ್ಲಿ ಕೆಲಸ ಸಿಗಬೇಕು. ನಾಲ್ಕು, ಅಂಥವನನ್ನು ಕೆಲಸಕ್ಕೆ ಇಟ್ಟುಕೊಂಡ ಸಣ್ಣ ವ್ಯಾಪಾರಿಗೆ ಒಂದು ವರ್ಷದ ಮಟ್ಟಿಗೆ ಸರಕಾರ ಅರ್ಧ ಕೂಲಿ ತುಂಬಿಕೊಡಬೇಕು.

ಈ ನಾಲ್ಕನ್ನು ಸರಕಾರದಿಂದ ಕೇಳಬೇಕು. ಐದನೆಯದನ್ನು ನಮ್ಮಿಂದಲೇ ಕೇಳಬೇಕು.

ಕೆಲವು ವರ್ಷಗಳ ಕೆಳಗೆ ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಒಬ್ಬ ಸಂಗಾತಿಯಿದ್ದ. ಹೆಸರು ಬೇಡ. ಮುಷ್ಕರದ ಇಪ್ಪತ್ತೆರಡು ದಿನವೂ ಗೇಟಿನ ಮುಂದಿನಿಂದ ಕದಲದ ಮನುಷ್ಯ. ಆಮೇಲೆ ಕುಡಿತಕ್ಕೆ ಬಿದ್ದ. ಒಂದೆರಡು ಸಭೆಗೆ ಕುಡಿದು ಬಂದ. ಸಂಘದ ಮಾನ ಹೋಗುತ್ತದೆ ಎಂದು ನಾವು ಸಭೆ ಸೇರಿ, ಅವನನ್ನು ಸಂಘದಿಂದ ತೆಗೆದುಹಾಕುವ ಠರಾವು ಪಾಸು ಮಾಡಿದೆವು. ಅಕ್ಷರ ಚೆನ್ನಾಗಿದೆ, ಮೇಷ್ಟ್ರೇ ನೀವೇ ಬರೆಯಿರಿ ಎಂದರು. ಬರೆದೆ. ಅವನನ್ನು ಆಸ್ಪತ್ರೆಗೆ ಕರೆದೊಯ್ಯೋಣ ಎಂದು ಸಭೆಯಲ್ಲಿ ಒಬ್ಬರ ಬಾಯಿಂದಲೂ ಬರಲಿಲ್ಲ. ನನ್ನ ಬಾಯಿಂದಲೂ ಬರಲಿಲ್ಲ. ಸಂಘ ಬಿಟ್ಟ ಮೇಲೆ ಗಿರಣಿಯೂ ಅವನನ್ನು ಬಿಟ್ಟಿತು. ಅವನ ಹಿರಿಯ ಮಗ ನನ್ನ ವಿದ್ಯಾರ್ಥಿಯಾಗಿದ್ದ. ಏಳನೆಯ ತರಗತಿಗೆ ಶಾಲೆ ಬಿಟ್ಟು ಚಹದ ಅಂಗಡಿಯಲ್ಲಿ ಲೋಟ ತೊಳೆಯಲು ನಿಂತ. ನಾವು ಲಾಠಿ ಹಿಡಿಯಲಿಲ್ಲ, ನಿಜ. ಆದರೆ ಪೊಲೀಸರು ಮಾಡುವ ಕೆಲಸವನ್ನೇ ಲೇಖನಿಯಿಂದ ಮಾಡಿದೆವು.

ಆತ ಈಗಲೂ ಈ ಊರಿನಲ್ಲೇ ಇದ್ದಾನೆ. ಬದುಕಿದ್ದಾನೆ. ಆದ್ದರಿಂದ ಇನ್ನೂ ಹೊತ್ತು ಮೀರಿಲ್ಲ.

ಗುಟೆರೆಸ್ ಅವರಿಗೆ ಒಂದು ದೇಶದ ಕಾಯಿದೆ ತಿದ್ದುವ ಅಧಿಕಾರವಿತ್ತು. ನಮಗೆ ಅದಿಲ್ಲ. ನಮ್ಮ ಸಂಘದ ಠರಾವು ಪುಸ್ತಕ ತಿದ್ದುವ ಅಧಿಕಾರ ನಮಗಿದೆ. ಅಧ್ಯಕ್ಷರೆ, ಆ ಹಳೆಯ ಠರಾವನ್ನು ಹಿಂದಕ್ಕೆ ಪಡೆಯಬೇಕು, ಆ ಸಂಗಾತಿಯ ಮನೆಗೆ ನಾಳೆಯೇ ಇಬ್ಬರನ್ನು ಕಳಿಸಬೇಕು, ಅವನು ಒಪ್ಪಿದರೆ ಆಸ್ಪತ್ರೆಯ ಖರ್ಚನ್ನು ಸಂಘದ ನಿಧಿಯಿಂದ ಭರಿಸಬೇಕು ಎಂಬ ಠರಾವನ್ನು ಈ ಸಭೆಯ ಮುಂದೆ ಇಡುತ್ತಿದ್ದೇನೆ. ಹೋಗುವ ಇಬ್ಬರಲ್ಲಿ ಒಬ್ಬನಾಗಿ ನನ್ನ ಹೆಸರು ಬರೆದುಕೊಳ್ಳಿ. ಇನ್ನೊಬ್ಬರ ಹೆಸರನ್ನು ನೀವು ಕೊಡಬೇಕು.